ವಾಲ್ವ್ ‘ತೆಗೆಯಿರಿ’ ಅಂದರೆ ಏನು ಮಾಡಬೇಕು?

(ಕೆಲಸದ ಬರಹದ ಬಗ್ಗೆ ಓದುಗರ ಪ್ರಶ್ನೆಗಳಿಗೆ, 18 ವರ್ಷ ಯಂತ್ರಗಳ ಕೈಪಿಡಿ ಬರೆದ ಲೇಖಕಿಯ ಉತ್ತರ)

ಪ್ರಶ್ನೆ: ಮೇಡಂ, ನಾನು ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಪಂಪೊಂದರ ಬೇರಿಂಗ್ ಕೆಡುತ್ತಿದೆ ಎಂಬ ಅನುಮಾನ ಬಂದು ಆರು ವಾರ ವೈಬ್ರೇಶನ್ ಅಳೆದೆ. ಎರಡು ಪುಟದ ವರದಿ ಬರೆದು ಮ್ಯಾನೇಜರ್‌ಗೆ ಮೇಲ್ ಮಾಡಿದೆ. ‘ನೋಡಿದೆ, ಥ್ಯಾಂಕ್ಸ್’ ಎಂದು ಉತ್ತರ ಬಂತು. ಒಂಬತ್ತನೇ ದಿನಕ್ಕೆ ಪಂಪ್ ಜಾಮ್ ಆಗಿ ನಿಂತಿತು. ಈಗ ‘ಮೊದಲೇ ಹೇಳಬಾರದಿತ್ತಾ?’ ಅನ್ನುತ್ತಿದ್ದಾರೆ. ನಾನು ಹೇಳಿದ್ದೆ, ಎರಡನೇ ಪುಟದಲ್ಲಿದೆ. ವರದಿಯನ್ನೂ ಜೊತೆಗೆ ಕಳಿಸಿದ್ದೇನೆ. ತಪ್ಪು ಯಾರದು?

ಉತ್ತರ: ನಿಮ್ಮ ವರದಿಯನ್ನು ಎರಡು ಸಲ ಓದಿದೆ. ಅಳತೆಯಲ್ಲಿ ನನಗೆ ಒಂದು ಲೋಪವೂ ಕಾಣಲಿಲ್ಲ. ಒಂದೇ ಜಾಗದಲ್ಲಿ, ಒಂದೇ ಲೋಡಿನಲ್ಲಿ, ವಾರಕ್ಕೆರಡು ಸಲ ಅಳೆದಿದ್ದೀರಿ. ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ನನಗೂ ಸಂಕಟವಾಯಿತು.

ಆದರೆ ಮೇಲ್‌ನ ವಿಷಯದ ಸಾಲು ನೋಡಿ: ‘ವೈಬ್ರೇಶನ್ ವರದಿ’. ಒಳಗಿನ ಮೊದಲ ವಾಕ್ಯ: ‘ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕಳೆದ ಆರು ವಾರಗಳಿಂದ ನಿಯಮಿತವಾಗಿ ಅಳತೆಗಳನ್ನು ದಾಖಲಿಸಲಾಗಿದ್ದು...’ ಆಮೇಲೆ ಉಪಕರಣದ ವಿವರ, ಅಳೆದ ವಿಧಾನ, ಹನ್ನೆರಡು ಸಾಲಿನ ಕೋಷ್ಟಕ. ನೀವು ಹೇಳಬೇಕಾಗಿದ್ದ ಮಾತು ಎರಡನೇ ಪುಟದಲ್ಲಿ, ಕೆಳಗಿನಿಂದ ಮೂರನೇ ಸಾಲಿನಲ್ಲಿದೆ: ‘ಬೇರಿಂಗ್ ಬದಲಿಸುವ ಬಗ್ಗೆ ಪರಿಶೀಲಿಸುವುದು ಸೂಕ್ತ ಎನಿಸುತ್ತದೆ.’

ನಾವೆಲ್ಲ ಹೀಗೇ ಬರೆಯುತ್ತೇವೆ. ವಿಷಯ ನಮಗೆ ಯಾವ ಕ್ರಮದಲ್ಲಿ ಗೊತ್ತಾಯಿತೋ ಅದೇ ಕ್ರಮದಲ್ಲಿ ಬರೆಯುವ ಅಭ್ಯಾಸ. ಮೊದಲು ಅನುಮಾನ, ಆಮೇಲೆ ಅಳತೆ, ಲೆಕ್ಕ, ಕೊನೆಗೆ ತೀರ್ಮಾನ. ಓದುವವರಿಗೆ ಬೇಕಾಗಿರುವುದು ಇದರ ತಿರುಗುಮುರುಗು. ನಾನೇನು ಮಾಡಬೇಕು, ಯಾವಾಗ, ಮಾಡದಿದ್ದರೆ ಏನಾಗುತ್ತದೆ? ಇಷ್ಟು ಗೊತ್ತಾದ ಮೇಲೆ, ಬೇಕೆನಿಸಿದರೆ ಅವರು ಕೋಷ್ಟಕಕ್ಕೆ ಇಳಿಯುತ್ತಾರೆ.

ಈ ಮಾತು ಬಂದಾಗಲೆಲ್ಲ ನನಗೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಒಂದು ಸ್ಲೈಡ್ ನೆನಪಾಗುತ್ತದೆ. 2003ರ ಜನವರಿ 16ರಂದು ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ಹೊರಪದರದ ಫೋಮ್ ತುಂಡೊಂದು ಕಿತ್ತು ಬಂದು ಎಡರೆಕ್ಕೆಗೆ ಬಡಿಯಿತು. ಏಟು ಎಷ್ಟು ಗಂಭೀರ ಎಂದು ಹೇಳಲು, ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಸ್ಲೈಡುಗಳನ್ನು ಸಿದ್ಧಪಡಿಸಿದರು. ಅದರಲ್ಲೊಂದರ ಶೀರ್ಷಿಕೆ, ಪರೀಕ್ಷೆಯ ದತ್ತಾಂಶ ಸಮಾಧಾನಕರವಾಗಿದೆ ಎಂಬ ಭಾವನೆ ಹುಟ್ಟಿಸುವಂತಿತ್ತು. ‘ಗಣನೀಯ’ ಎಂಬ ಅರ್ಥದ ‘ಸಿಗ್ನಿಫಿಕೆಂಟ್’ ಪದ ಆ ಒಂದೇ ಸ್ಲೈಡಿನಲ್ಲಿ ಐದು ಸಲ ಬಂದಿತ್ತು. ಎಷ್ಟೆಂದರೆ ಗಣನೀಯ ಎಂದು ಒಂದು ಸಲವೂ ಹೇಳಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಹಿಂದೆ ಪರೀಕ್ಷೆಗೆ ಬಳಸಿದ್ದ ತುಂಡು 3 ಘನ ಇಂಚು, ಈ ಲೆಕ್ಕಕ್ಕೆ ಹಿಡಿದ ತುಂಡು 1920 ಘನ ಇಂಚು ಎಂದಿತ್ತು. ಅಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಗಳನ್ನು ನಂಬಿ ಏನನ್ನೂ ಹೇಳುವಂತಿಲ್ಲ ಎಂಬುದೇ ಅದರ ಅರ್ಥ. ಶೀರ್ಷಿಕೆ ಆಗಬೇಕಾಗಿದ್ದ ಮಾತು ಅಡಿಯಲ್ಲಿ ಕೂತಿತ್ತು. ಫೆಬ್ರವರಿ 1ರಂದು ಮರಳಿ ಬರುವಾಗ ನೌಕೆ ಒಡೆದು ಏಳೂ ಜನ ತೀರಿಕೊಂಡರು. ಅದಕ್ಕೆ ಆ ಸ್ಲೈಡ್ ಒಂದೇ ಕಾರಣ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಬಿಡಿಸಿಟ್ಟು ಚರ್ಚಿಸಿದೆ. ಹಿರಿಯ ಅಧಿಕಾರಿಯೊಬ್ಬರು ಅದನ್ನು ಓದಿಯೂ ಜೀವಕ್ಕೆ ಅಪಾಯವಿದೆ ಎಂದು ಗ್ರಹಿಸದೇ ಹೋಗುವುದು ಸುಲಭ ಎಂದಿದೆ.

ನಿಮ್ಮ ಮೇಲ್ ನಾನು ಬರೆದಿದ್ದರೆ ಹೀಗಿರುತ್ತಿತ್ತು. ವಿಷಯದ ಸಾಲು: ‘3ನೇ ಪಂಪ್: ಈ ಶುಕ್ರವಾರ, 14ರೊಳಗೆ ನಿಲ್ಲಿಸಿ ಬೇರಿಂಗ್ ಬದಲಿಸಬೇಕು. ನಿಮ್ಮ ಒಪ್ಪಿಗೆ ಬೇಕು.’ ಒಳಗೆ: ‘ಸರ್, 3ನೇ ಪಂಪಿನ ಬೇರಿಂಗ್ ಕೆಟ್ಟಿದೆ. ಆರು ವಾರದಲ್ಲಿ ವೈಬ್ರೇಶನ್ ಸೆಕೆಂಡಿಗೆ 2.6 ಮಿ.ಮೀ.ನಿಂದ 7.4 ಮಿ.ಮೀ.ಗೆ ಏರಿದೆ. ಹೀಗೇ ಬಿಟ್ಟರೆ ಪಂಪ್ ಜಾಮ್ ಆಗಬಹುದು. ಬದಲಿಸಲು ನಾಲ್ಕು ಗಂಟೆ ಬೇಕು, ಬೇರಿಂಗ್ ಸ್ಟೋರಿನಲ್ಲಿದೆ. ಗುರುವಾರ ಸಂಜೆಯೊಳಗೆ ಒಪ್ಪಿಗೆ ಕೊಡಿ. ಅಳತೆಗಳು ಕೆಳಗಿವೆ.’ ಇಷ್ಟೇ. ನಿಮ್ಮ ಎರಡು ಪುಟ ಇದರ ಕೆಳಗೆ ಹಾಗೇ ಇರಲಿ, ಅದನ್ನು ಬಿಸಾಡಬೇಡಿ.

ಇನ್ನೊಂದು ಮಾತು. ‘ನೋಡಿದೆ, ಥ್ಯಾಂಕ್ಸ್’ ಎಂಬುದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅಂಥ ಉತ್ತರ ಬಂದ ದಿನವೇ ಫೋನ್ ಎತ್ತಿ ‘ಸರ್, ಪಂಪ್ ಯಾವತ್ತು ನಿಲ್ಲಿಸಲಿ?’ ಎಂದು ಕೇಳಬೇಕಿತ್ತು.

ಪ್ರಶ್ನೆ: ಮೊದಲ ಸಾಲಿನಲ್ಲೇ ವಿಷಯಕ್ಕೆ ಬಂದರೆ ಮೇಲಧಿಕಾರಿಗಳಿಗೆ ಉದ್ಧಟತನ ಅನಿಸುವುದಿಲ್ಲವೇ? ಎಂಟು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದವಳು ನಾನು.

ಉತ್ತರ: ಈ ಅಳುಕು ನನಗೂ ಇತ್ತಮ್ಮ. ‘ಸರ್’, ‘ದಯವಿಟ್ಟು’, ‘ತಾವು’ ಇವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅವು ಒಂದೊಂದು ಪದ, ಯಾರ ಸಮಯವನ್ನೂ ತಿನ್ನುವುದಿಲ್ಲ. ಸಮಯ ತಿನ್ನುವುದು ಮುಖ್ಯ ಮಾತಿಗಿಂತ ಮುಂಚೆ ಬರುವ ಆರು ಸಾಲು. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬೇಕೋ ಬೇಡವೋ, ಆಯಿತೋ ಇಲ್ಲವೋ ಎಂಬುದು ಕೊನೆಯ ಪದದವರೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ಉದ್ದ ವಾಕ್ಯ ಕನ್ನಡದಲ್ಲಿ ಓದುವವರನ್ನು ಹೆಚ್ಚು ಕಾಯಿಸುತ್ತದೆ. ವಾಕ್ಯ ಚಿಕ್ಕದು ಮಾಡಿ, ಮರ್ಯಾದೆ ಹಾಗೇ ಇರಲಿ.

ಯುದ್ಧದ ನಡುವೆ, 1940ರ ಆಗಸ್ಟ್ 9ರಂದು, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಒಂದು ಟಿಪ್ಪಣಿ ಕಳಿಸಿದರು. ವರದಿಗಳು ಉದ್ದವಾಗಿವೆ, ಮುಖ್ಯ ಅಂಶಗಳನ್ನು ಹುಡುಕುವುದರಲ್ಲೇ ಸಮಯ ಹೋಗುತ್ತಿದೆ, ಚಿಕ್ಕ ಪ್ಯಾರಾಗಳಲ್ಲಿ ಬರೆಯಿರಿ ಎಂಬುದು ಅದರ ಸಾರ. ಮೇಲೆ ಕೂತವರು ಕೇಳುವುದೂ ಇದನ್ನೇ.

ನಿಮ್ಮ ವಯಸ್ಸಿನವರ ಬರಹದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಯಾರು ಕೈಗೊಳ್ಳುತ್ತಾರೆ? ಯಾವತ್ತು? ಈ ‘ಲಾಗುವುದು’ ಬಂದ ಕಡೆ ಕೆಲಸ ಯಾರ ಹೆಗಲಿಗೂ ಬೀಳುವುದಿಲ್ಲ. ‘ಸೋಮವಾರ ನಾನು ಮಾಡುತ್ತೇನೆ’ ಎಂದು ಬರೆಯಲು ಸ್ವಲ್ಪ ಧೈರ್ಯ ಬೇಕು, ನಿಜ. ಬರೆದು ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಯಂತ್ರಗಳ ಪಕ್ಕ ಅಂಟಿಸುವ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವ ಜವಾಬ್ದಾರಿ ನನ್ನದು. ಎಷ್ಟು ಸರಳವಾಗಿ ಬರೆದರೂ ಕೆಲಸಗಾರರು ತಪ್ಪು ಮಾಡುತ್ತಾರೆ. ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ, ಇಂಗ್ಲಿಷಿನಲ್ಲೇ ಬರೆಯಿರಿ ಅನ್ನುತ್ತಾರೆ ಸಹೋದ್ಯೋಗಿಗಳು. ಹೌದೇ?

ಉತ್ತರ: ಅಲ್ಲ. ವಾಲ್ವ್, ಗೇಜ್, ಪ್ರೆಶರ್, ಸ್ಪ್ಯಾನರ್ ಎಲ್ಲವೂ ಈಗ ಕೆಲಸದವರ ಬಾಯಲ್ಲಿ ಕನ್ನಡವೇ. ಅವನ್ನು ಹಾಗೇ ಬರೆಯಿರಿ, ‘ಕವಾಟ’, ‘ಮಾಪಕ’ ಎಂದು ಬದಲಿಸಲು ಹೋಗಬೇಡಿ. ಕಷ್ಟ ಇರುವುದು ಈ ದೊಡ್ಡ ಪದಗಳಲ್ಲಲ್ಲ, ನಾವು ದಿನಾ ಆಡುವ ಚಿಕ್ಕ ಕ್ರಿಯಾಪದಗಳಲ್ಲಿ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನ ಕೈ ಸುಟ್ಟ ಮೇಲೆ. ನಾನು ಬರೆದ ಸೂಚನೆ ‘ಡ್ರೈನ್ ವಾಲ್ವ್ ತೆಗೆದು ನೀರು ಖಾಲಿ ಮಾಡಿ’ ಎಂದಿತ್ತು. ವಾಲ್ವ್ ತೆರೆಯಬೇಕು ಎಂಬುದು ನನ್ನ ಅರ್ಥ. ಆ ಹುಡುಗ ಕೆಲಸಕ್ಕೆ ಬಂದು ನಾಲ್ಕು ದಿನ ಆಗಿತ್ತು. ಸ್ಪ್ಯಾನರ್ ಹಾಕಿ ವಾಲ್ವನ್ನೇ ಕಳಚಿದ. ಬಿಸಿನೀರು ಮುಂಗೈ ಮೇಲೆ ಬಿತ್ತು. ನೋಡಲು ಹೋದಾಗ ‘ತೆಗೀರಿ ಅಂತ ಬರ್ದಿತ್ತಲ್ಲ ಮೇಡಂ’ ಅಂದ. ಹೌದು, ಬರೆದಿತ್ತು. ಅವನು ಓದಿದ್ದು ತಪ್ಪಲ್ಲ. ಬಾಗಿಲು ತೆಗೆ ಎಂದರೆ ತೆರೆ ಎಂದರ್ಥ, ಚಪ್ಪಲಿ ತೆಗೆ ಎಂದರೆ ಕಳಚು ಎಂದರ್ಥ. ವಾಲ್ವ್ ತೆಗೆ ಎಂದರೆ? ‘ಹಾಕು’ ಇದಕ್ಕಿಂತ ಕೆಟ್ಟದು. ಬಾಗಿಲು ಹಾಕು ಎಂದರೆ ಮುಚ್ಚಬೇಕು, ಲೈಟ್ ಹಾಕು ಎಂದರೆ ಉರಿಸಬೇಕು, ನಟ್ಟು ಹಾಕು ಎಂದರೆ ಜೋಡಿಸಬೇಕು. ಮನೆಯಲ್ಲಿ ಇದು ತೊಡಕಲ್ಲ, ಎದುರಿಗಿದ್ದವರು ನೋಡಿ ತಿಳಿದುಕೊಳ್ಳುತ್ತಾರೆ. ಗೋಡೆಗೆ ಅಂಟಿಸಿದ ಹಾಳೆಯನ್ನು ‘ಅಂದರೇನು?’ ಎಂದು ಕೇಳಲು ಬರುವುದಿಲ್ಲ.

ಆ ವಾರವೇ ಒಂದು ಪಟ್ಟಿ ಮಾಡಿಕೊಂಡೆ, ಇವತ್ತಿಗೂ ಅದನ್ನು ಬಿಟ್ಟಿಲ್ಲ. ತೆರೆ, ಮುಚ್ಚು, ಕಳಚು, ಜೋಡಿಸು, ಸಡಿಲಿಸು, ಬಿಗಿಮಾಡು, ಆನ್ ಮಾಡು, ಆಫ್ ಮಾಡು. ಒಂದು ಪದಕ್ಕೆ ಒಂದೇ ಕೆಲಸ. ‘ತೆಗೆ’, ‘ಹಾಕು’, ‘ಬಿಡು’, ‘ನೋಡಿಕೊಳ್ಳಿ’ ನನ್ನ ಸೂಚನೆಗಳಲ್ಲಿ ಇರುವುದಿಲ್ಲ.

ವಿಮಾನ ರಿಪೇರಿಯ ಕೈಪಿಡಿಗಳಿಗೆ ಇಂಗ್ಲಿಷಿನಲ್ಲಿ ಇಂಥದೇ ನಿಯಮಾವಳಿ ಇದೆ, 1980ರ ದಶಕದಲ್ಲಿ ಶುರುವಾದದ್ದು. ಈಗ ಅದನ್ನು ಎಎಸ್‌ಡಿ-ಎಸ್‌ಟಿಇ100 ಎಂದು ಕರೆಯುತ್ತಾರೆ. ಅದರ ಪ್ರಕಾರ ‘ಫಾಲೋ’ ಎಂದರೆ ‘ಹಿಂದೆ ಬರು’ ಎಂದಷ್ಟೇ, ‘ಸೂಚನೆ ಪಾಲಿಸು’ ಎನ್ನಲು ಅದನ್ನು ಬಳಸುವಂತಿಲ್ಲ. ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು. ನಮ್ಮಲ್ಲಿ ‘ಇಳಿಯದಿದ್ದರೆ’ ಎಂಬ ಒಂದೇ ಪದ ಇಂಗ್ಲಿಷಿನ ನಾಲ್ಕೈದು ಪದಗಳ ಭಾರ ಹೊರುತ್ತದೆ. ಆದ್ದರಿಂದ ನಾನು 12 ಪದಕ್ಕೆ ನಿಲ್ಲಿಸುತ್ತೇನೆ.

ಒಂದು ಪದ ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ಟೆನೆರೀಫ್ ದ್ವೀಪದ ದುರಂತವನ್ನು ನೆನೆಯಬೇಕು. 1977ರ ಮಾರ್ಚ್ 27, ಮಂಜು ಕವಿದ ರನ್‌ವೇ. ಒಂದು ವಿಮಾನದಿಂದ ‘ಟೇಕ್‌ಆಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಬಂತು. ಹೊರಡುವ ಜಾಗದಲ್ಲಿ ನಿಂತಿದ್ದಾರೆ ಎಂದುಕೊಂಡ ಕಂಟ್ರೋಲರ್ ‘ಓಕೆ’ ಎಂದರು. ವಿಮಾನ ಆಗಲೇ ಓಡುತ್ತಿತ್ತು. ‘ಕಾಯಿರಿ’ ಎಂದು ಅವರು ಮುಂದೆ ಹೇಳಿದ್ದು, ಇನ್ನೊಂದು ವಿಮಾನದವರೂ ಅದೇ ಕ್ಷಣ ಮಾತಾಡಿದ್ದರಿಂದ ರೇಡಿಯೋದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಆ ಇನ್ನೊಂದು ವಿಮಾನ ಅದೇ ರನ್‌ವೇ ಮೇಲಿತ್ತು. 583 ಜನ ಸತ್ತರು. ಹೊರಡಲು ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಬಿಟ್ಟು ಬೇರೆ ಯಾವಾಗಲೂ ‘ಟೇಕ್‌ಆಫ್’ ಪದ ಆಡಬಾರದೆಂಬ ನಿಯಮ ಆಮೇಲೆ ಬಂತು. ಬರೀ ‘ಓಕೆ’ ಅನ್ನದೆ, ಕೇಳಿಸಿಕೊಂಡ ಸೂಚನೆಯ ಮುಖ್ಯ ಭಾಗವನ್ನು ತಿರುಗಿ ಹೇಳಬೇಕೆಂಬುದಕ್ಕೂ ಒತ್ತು ಬಂತು. ನಮ್ಮ ‘ಆಗಬಹುದು’ ಕೂಡ ಇದೇ ಜಾತಿ. ಒಬ್ಬರಿಗೆ ಅದು ‘ಸರಿ, ಒಪ್ಪಿದೆ’, ಇನ್ನೊಬ್ಬರಿಗೆ ‘ಆದರೂ ಆದೀತು’.

ಎಚ್ಚರಿಕೆಯ ಮಾತು ಕೆಲಸದ ಸಾಲಿಗಿಂತ ಮುಂಚೆ ಬರಲಿ. ‘ಮುಚ್ಚಳ ಸಡಿಲಿಸಿ. ಗಮನಿಸಿ: ಒಳಗೆ ಒತ್ತಡ ಇರಬಾರದು’ ಎಂದು ಬರೆದರೆ, ‘ಗಮನಿಸಿ’ ಓದುವ ಹೊತ್ತಿಗೆ ಕೈ ಮುಚ್ಚಳದ ಮೇಲಿರುತ್ತದೆ. ‘ಗೇಜ್ ಸೊನ್ನೆ ತೋರಿಸುವವರೆಗೆ ಕಾಯಿರಿ. ಆಮೇಲೆ ಮುಚ್ಚಳ ಸಡಿಲಿಸಿ’ ಎನ್ನಿ.

ಬರೆದಾದ ಮೇಲೆ ಆ ಯಂತ್ರ ಗೊತ್ತಿಲ್ಲದ ಒಬ್ಬರ ಕೈಗೆ ಹಾಳೆ ಕೊಡಿ. ಯಂತ್ರ ಆಫ್ ಇರಲಿ, ತಣ್ಣಗಿರಲಿ. ನೀವು ಪಕ್ಕದಲ್ಲಿ ನಿಂತು ಬಾಯಿ ಬಿಡದೆ ನೋಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಆ ಸಾಲಿಗೆ ಗುರುತು ಹಾಕಿಕೊಳ್ಳಿ. ಬಾಯಿ ಬಿಡದಿರುವುದು ಬಹಳ ಕಷ್ಟ, ಆದರೂ ಬಿಡಬೇಡಿ. ಗೋಡೆಯ ಮೇಲಿನ ಹಾಳೆಯ ಪಕ್ಕ ನೀವು ನಿಂತಿರುವುದಿಲ್ಲ.

ಪ್ರಶ್ನೆ: ಆಫೀಸಿನ ಗುಂಪಿನಲ್ಲಿ ‘ಸಾಫ್ಟ್‌ವೇರ್ ಕೆಲಸ ಮಾಡ್ತಿಲ್ಲ, ಯಾರಾದ್ರೂ ಹೆಲ್ಪ್ ಮಾಡಿ’ ಎಂದು ಹಾಕಿದರೆ ಯಾರೂ ಉತ್ತರಿಸುವುದಿಲ್ಲ.

ಉತ್ತರ: ಉತ್ತರಿಸಬೇಕಾದವರು ಮೊದಲು ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ. ಅದಕ್ಕೇ ಸುಮ್ಮನಿರುತ್ತಾರೆ. ಆ ನಾಲ್ಕಕ್ಕೆ ನೀವೇ ಮೊದಲು ಉತ್ತರ ಬರೆದುಬಿಡಿ: ಏನು ಮಾಡಲು ಹೊರಟಿದ್ದಿರಿ, ಏನು ಒತ್ತಿದಿರಿ, ಪರದೆ ಮೇಲೆ ಏನು ಬಂತು, ಈಗಾಗಲೇ ಏನೇನು ಪ್ರಯತ್ನಿಸಿದಿರಿ. ಎರರ್ ಮೆಸೇಜನ್ನು ಅಕ್ಷರ ಬಿಡದೆ ಕಾಪಿ ಮಾಡಿ ಹಾಕಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಆದರೆ ಅದರಲ್ಲಿನ ಪದಗಳನ್ನು ಕಾಪಿ ಮಾಡಿ ಹುಡುಕಲು ಬರುವುದಿಲ್ಲ. ಹೀಗೆ ಬರೆಯುತ್ತಿರುವಾಗಲೇ ಉತ್ತರ ಹೊಳೆದುಬಿಡುವುದೂ ಉಂಟು, ನನಗೆ ಎಷ್ಟೋ ಸಲ ಆಗಿದೆ.

ಪ್ರಶ್ನೆ: ಶಿಫ್ಟ್ ಬದಲಾಗುವಾಗ ಲಾಗ್ ಪುಸ್ತಕದಲ್ಲಿ ಸಂಖ್ಯೆ ಮಾತ್ರ ಬರೆದರೆ ಸಾಲದೇ? ಎಲ್ಲರಿಗೂ ಗೊತ್ತಿರುತ್ತದಲ್ಲ.

ಉತ್ತರ: 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767ಕ್ಕೆ ಇಂಧನ ತುಂಬುವಾಗ ಕಾಗದದಲ್ಲಿ 1.77 ಎಂಬ ಸಂಖ್ಯೆ ಇತ್ತು. ಅದು ಲೀಟರಿಗೆ ಇಷ್ಟು ಪೌಂಡ್ ಎಂಬ ಲೆಕ್ಕ. ಆ ವಿಮಾನಕ್ಕೆ ಬೇಕಾಗಿದ್ದದ್ದು ಕಿಲೋ ಲೆಕ್ಕ, ಅಂದರೆ ಸುಮಾರು 0.8. ‘ಎಲ್ಲರಿಗೂ ಗೊತ್ತು’ ಎಂದುಕೊಂಡ ಒಂದು ಸಂಖ್ಯೆಯಿಂದ, ಬೇಕಾದ 22,300 ಕಿಲೋದ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹೊರಟು, ಆಕಾಶದಲ್ಲೇ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಅದನ್ನು ಗ್ಲೈಡರ್‌ನಂತೆ ತೇಲಿಸಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಎಲ್ಲರೂ ಬದುಕಿದರು.

ಸಂಖ್ಯೆಯ ಪಕ್ಕ ಯೂನಿಟ್ ಬರೆಯಿರಿ. ತಾರೀಕು 05/06 ಎಂದರೆ ಕೆಲವರಿಗೆ ಜೂನ್ 5, ಕೆಲವರಿಗೆ ಮೇ 6. ತಿಂಗಳ ಹೆಸರು ಬರೆಯಿರಿ, ಇಲ್ಲವೇ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ವರ್ಷ-ತಿಂಗಳು-ದಿನದ ಕ್ರಮ ಇಟ್ಟುಕೊಳ್ಳಿ. ‘ನಾಳೆ ಬೆಳಿಗ್ಗೆ ಚೆಕ್ ಮಾಡಿ’ ಎಂಬ ಸಾಲನ್ನು ರಾತ್ರಿ ಒಂದು ಗಂಟೆಗೆ ಓದಿದವರಿಗೆ ನಾಳೆ ಯಾವುದು? ಲಾಗ್‌ನ ಸಾಲು ಹೀಗಿರಲಿ: ‘ಜೂನ್ 5, ಬೆಳಿಗ್ಗೆ 6 ಗಂಟೆ: 2ನೇ ಟ್ಯಾಂಕಿನ ಪ್ರೆಶರ್ ಓದಿ. 4 ಬಾರ್ ಮೀರಿದ್ದರೆ ಪಂಪ್ ಆಫ್ ಮಾಡಿ, ನನಗೆ ಫೋನ್ ಮಾಡಿ.’ ಕೆಳಗೆ ನಿಮ್ಮ ಹೆಸರು.