ಓದುಗರ ಪ್ರಶ್ನೆ: ಬನಾನರಾಮಾ ಹಾಡಿದ್ದೆಲ್ಲ ಅದೇ ಮೂವರಾ?

ಪ್ರಶ್ನೆ: ಬ್ರಿಟನ್ನಿನ ಹುಡುಗಿಯರ ಪಾಪ್ ಗುಂಪು ಬನಾನರಾಮಾದ 1988ರ ಗ್ರೇಟೆಸ್ಟ್ ಹಿಟ್ಸ್ ಆಲ್ಬಂನಲ್ಲಿ ಎಲ್ಲಾ ಹಾಡೂ ಅದೇ ಮೂವರು ಹಾಡಿದ್ದಾ? ‘ವೀನಸ್’ ಅವರದ್ದೇ ಹಾಡಾ?

ಉತ್ತರ: ಎಲ್ಲಾ ಅಲ್ಲ. ಹೆಚ್ಚಿನ ಹಾಡು ಸಾರಾ, ಕೆರೆನ್, ಶಿವಾನ್ ಹಾಡಿದ್ದು, ಆದ್ರೆ ಅದೇ ವರ್ಷ ಶಿವಾನ್ ಗುಂಪು ಬಿಟ್ರು, ಜಾಕಿ ಓಸುಲಿವನ್ ಬಂದ್ರು, ಹಾಗಾಗಿ ‘ಲವ್, ಟ್ರೂತ್ ಅಂಡ್ ಆನೆಸ್ಟಿ’ಯಲ್ಲಿರೋದು ಜಾಕಿ. ‘ವೀನಸ್’ ಮೂಲತಃ ಡಚ್ ಬ್ಯಾಂಡ್ ಶಾಕಿಂಗ್ ಬ್ಲೂದು, 1969ರದ್ದು. ಬನಾನರಾಮಾದವರು 1986ರಲ್ಲಿ ಹಾಡು ನಿರ್ಮಾಣ ಮಾಡೋ ಬ್ರಿಟಿಷ್ ಮೂವರ ತಂಡ ಸ್ಟಾಕ್ ಐಟ್ಕೆನ್ ವಾಟರ್‌ಮನ್ ಜೊತೆ ಡಾನ್ಸ್ ಬೀಟ್ ಹಾಕಿ ಮತ್ತೆ ಹಾಡಿದಾಗ ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಹಾರ್ಮನಿ (ಒಬ್ಬೊಬ್ಬರು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡೋದು) ಬಿಟ್ಟು ಮೂವರೂ ಒಂದೇ ಸ್ವರದಲ್ಲಿ ಹಾಡೋದೇ ಇವರ ಸೊಗಸು, ಅದು ಇವರದ್ದೇ ‘ಕ್ರೂಯಲ್ ಸಮ್ಮರ್’ ಹಾಡಿನಲ್ಲಿ ಎಷ್ಟು ಚೆನ್ನಾಗಿದೆ ಅಂದ್ರೆ ನನಗೆ ‘ವೀನಸ್’ಗಿಂತ ಅದೇ ಮೇಲು, ಮೊದಲು ಅದನ್ನೇ ಕೇಳಿ.