ನಿರ್ಬಂಧ ಅಮೆರಿಕದ್ದು, ತೈಲ ನಿಂತದ್ದು ಪಣಂಬೂರು ಬಂದರಿನಲ್ಲಿ

ಪ್ರಶ್ನೆ: ಇರಾನಿನ ತೈಲ ಬೇಡ ಅಂತ ನಮ್ಮ ಸರಕಾರ ಕಾನೂನು ಮಾಡಲಿಲ್ಲ. ಹಾಗಿರುವಾಗ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ಗೆ ಅಲ್ಲಿಂದ ಕಚ್ಚಾತೈಲ ಬರುವುದು ನಿಂತದ್ದೇಕೆ? (ಸುರತ್ಕಲ್‌ನ ಓದುಗರು)

ಉತ್ತರ: ಭಾರತ ಕಾನೂನಿನ ಪ್ರಕಾರ ಪಾಲಿಸಬೇಕಾದ್ದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹಾಕಿದ ನಿರ್ಬಂಧಗಳನ್ನು, ಅದಕ್ಕೆಂದೇ 1947ರ ಕಾಯ್ದೆಯೊಂದಿದೆ. ಅಣು ಕಾರ್ಯಕ್ರಮದ ಕಾರಣಕ್ಕೆ ಇರಾನಿನ ಮೇಲೆ ನಿರ್ಬಂಧ ಹಾಕಿದ ಅಮೆರಿಕದ ಕಾನೂನಿಗೆ ಇಲ್ಲಿ ಅಧಿಕಾರವಿಲ್ಲ. ಆದರೆ ತೈಲ ಬರಬೇಕಾದರೆ ಹಡಗು ಬೇಕು, ಹಡಗಿಗೆ ವಿಮೆ ಬೇಕು, ಹಣ ದಾಟಿಸಲು ಬ್ಯಾಂಕ್ ಬೇಕು. ಪೆಟ್ಟು ಬೀಳುವುದು ಅಲ್ಲಿಗೆ.

2012ರ ಜುಲೈಯಲ್ಲಿ ಐರೋಪ್ಯ ಒಕ್ಕೂಟ ಇರಾನಿ ತೈಲ ಹೊತ್ತ ಹಡಗುಗಳಿಗೆ ವಿಮೆ ಕೊಡಬಾರದೆಂದಿತು. ತೈಲ ಸೋರಿಕೆಯ ಹೊಣೆಗೆ ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ ಅಂತಾರಾಷ್ಟ್ರೀಯ ವಿಮಾ ಕ್ಲಬ್‌ಗಳು 100 ಕೋಟಿ ಡಾಲರ್‌ವರೆಗೆ ರಕ್ಷಣೆ ಕೊಡುತ್ತಿದ್ದವು. ಬದಲಿಗೆ ನಮ್ಮ ಸರಕಾರಿ ವಿಮಾ ಕಂಪನಿ ಮುಂದಿಟ್ಟದ್ದು 5 ಕೋಟಿ ಡಾಲರ್. ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಎದುರು ದೊಡ್ಡ ಟ್ಯಾಂಕರ್ ಒಡೆದರೆ ಆ ದುಡ್ಡು ಎಲ್ಲಿಗೂ ಸಾಲದು; ಹಡಗು ಮಾಲೀಕರು ಹಿಂಜರಿದದ್ದು ಸಹಜ.

ಹಣದ ದಾರಿಯೂ ಹಾಗೆಯೇ ಇಕ್ಕಟ್ಟಾಯಿತು. ಬಿಲ್ಲಿನ ಶೇ. 45ನ್ನು ರೂಪಾಯಿಯಲ್ಲಿ ಯೂಕೋ ಬ್ಯಾಂಕಿನ ಖಾತೆಗೆ ಕಟ್ಟುವುದು, ಉಳಿದದ್ದನ್ನು ಯೂರೋದಲ್ಲಿ ಟರ್ಕಿಯ ಹಾಲ್ಕ್‌ಬ್ಯಾಂಕ್ ಮೂಲಕ ಕಳಿಸುವುದು ಎಂಬ ಏರ್ಪಾಡಾಯಿತು. 2013ರ ಆರಂಭದಲ್ಲಿ ಟರ್ಕಿಯ ದಾರಿ ಮುಚ್ಚಿತು. ರೂಪಾಯಿ ಖಾತೆಯ ಹಣದಲ್ಲಿ ಇರಾನ್ ನಮ್ಮಿಂದಲೇ ಬಾಸ್ಮತಿ, ಚಹಾ, ಔಷಧ ಕೊಳ್ಳುತ್ತಿತ್ತು. 2018ರ ನವೆಂಬರಿನಲ್ಲಿ ಅಮೆರಿಕ ಇರಾನಿ ತೈಲದ ಮೇಲೆ ಮತ್ತೆ ನಿರ್ಬಂಧ ಹೇರಿ, ಅದನ್ನು ಕೊಳ್ಳಲು ಭಾರತವೂ ಸೇರಿ 8 ಕಡೆಗಳಿಗೆ 180 ದಿನಗಳ ವಿನಾಯಿತಿ ಕೊಟ್ಟಿತು. ಅದು 2019ರ ಮೇ ತಿಂಗಳಲ್ಲಿ ಮುಗಿಯುತ್ತಲೇ ತೈಲವೂ ನಿಂತಿತು. ಖಾತೆಗೆ ಹೊಸ ರೂಪಾಯಿ ಬೀಳದೆ ಅಕ್ಕಿ, ಚಹಾ ರಫ್ತುದಾರರೂ ಪೇಚಿಗೆ ಸಿಲುಕಿದರು. ಇರಾನಿಗೆಂದು ಎತ್ತಿದ ಕೋಲು ಇವರ ಬೆನ್ನಿಗೂ ಬಿತ್ತು.

ಪ್ರಶ್ನೆ: ಇಷ್ಟೆಲ್ಲ ಮಾಡಿ ನಿರ್ಬಂಧದಿಂದ ಏನಾದರೂ ಸಾಧನೆಯಾಗಿದೆಯಾ ಮಾರಾಯ್ರೆ? (ಕಾಪುವಿನ ಓದುಗರು)

ಉತ್ತರ: ಏನು ಕೇಳಿದರು, ಯಾರೆಲ್ಲ ಒಟ್ಟಾಗಿ ಕೇಳಿದರು ಎಂಬುದರ ಮೇಲೆ ಹೋಗುತ್ತದೆ. 2011ರಲ್ಲಿ ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ಇರಾನಿನ ಕಚ್ಚಾತೈಲ ರಫ್ತು 2013ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಬೇಡಿಕೆ ಸ್ಪಷ್ಟವಿತ್ತು: ಅಣು ಕಾರ್ಯಕ್ರಮಕ್ಕೆ ಮಿತಿ. ಒಪ್ಪಿದರೆ ನಿರ್ಬಂಧ ಎತ್ತುತ್ತೇವೆ ಎಂಬ ಮಾತೂ ಇತ್ತು. 2015ರಲ್ಲಿ ಒಪ್ಪಂದವಾಯಿತು, ಯುರೇನಿಯಂ ಸಂವರ್ಧನೆಗೆ (ಅಣು ಇಂಧನವನ್ನು ಸಾಂದ್ರಗೊಳಿಸುವುದಕ್ಕೆ) ಶೇ. 3.67ರ ಗೆರೆ ಬಿತ್ತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂದು ಒಬ್ಬಂಟಿಯಾಗಿ ಇನ್ನೂ ಬಿಗಿ ಮಾಡಿತು. 2021ರಲ್ಲಿ ಇರಾನ್ ಶೇ. 60ಕ್ಕೆ ಏರಿತು. ಹೆಚ್ಚು ನೋವು ಕೊಟ್ಟರೆ ಹೆಚ್ಚು ಬಗ್ಗುತ್ತಾರೆ ಎಂಬ ಲೆಕ್ಕ ಅಲ್ಲೇ ತಪ್ಪಿತು. ಬಗ್ಗಿದವನಿಗೆ ಏನೂ ಸಿಗದಿದ್ದರೆ ಅವನೇಕೆ ಬಗ್ಗಬೇಕು?

‘ಸರಕಾರವನ್ನೇ ಬದಲಿಸು’ ಎಂಬ ಬೇಡಿಕೆಗೆ ಫಲ ಇನ್ನೂ ಕಡಿಮೆ. 1962ರಿಂದ ನಿರ್ಬಂಧದಲ್ಲಿರುವ ಕ್ಯೂಬಾ ನೋಡಿ. ಪೋಖ್ರಾನ್ ಅಣುಪರೀಕ್ಷೆಯ ನಂತರ 1998ರಲ್ಲಿ ನಮ್ಮ ಮೇಲೂ ನಿರ್ಬಂಧ ಬಿತ್ತು. ಅನಿವಾಸಿ ಭಾರತೀಯರಿಗೆ ಬಾಂಡ್ ಮಾರಿ 400 ಕೋಟಿ ಡಾಲರಿಗೂ ಮಿಕ್ಕಿ ತಂದೆವು, ಅಣುಬಾಂಬನ್ನು ಕೈಬಿಡಲಿಲ್ಲ. ವಿದ್ವಾಂಸ ಗ್ಯಾರಿ ಹಫ್‌ಬಾವರ್ ತಂಡ ನಿರ್ಬಂಧಗಳ ಯಶಸ್ಸು ಮೂರರಲ್ಲಿ ಒಂದು ಎಂದು ಲೆಕ್ಕ ಹಾಕಿತ್ತು. ಇನ್ನೊಬ್ಬ ವಿದ್ವಾಂಸ ರಾಬರ್ಟ್ ಪೇಪ್ ಅದೂ ಉಬ್ಬಿಸಿದ ಲೆಕ್ಕ ಎಂದರು. ನಮಗೆ ಪೇಪ್ ವಾದವೇ ಹೆಚ್ಚು ಹಿಡಿಸುತ್ತದೆ.

ಪ್ರಶ್ನೆ: ಉಡುಪಿ ಜಿಲ್ಲೆಯ ಪಾದೂರಿನಲ್ಲಿ ತುರ್ತಿಗೆಂದು ನೆಲದಡಿ ಕೂಡಿಟ್ಟ ತೈಲ ಇಂಥ ಹೊತ್ತಿಗೆ ಸಾಕಾದೀತೇ?

ಉತ್ತರ: ಇಲ್ಲ. ಪಾದೂರು 25 ಲಕ್ಷ ಟನ್, ಮಂಗಳೂರು 15 ಲಕ್ಷ, ವಿಶಾಖಪಟ್ಟಣ 13.3 ಲಕ್ಷ, ಮೂರೂ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನದ ಮಟ್ಟಿಗೆ. ಬೇರೆ ಹಡಗು ಗೊತ್ತುಮಾಡುವಷ್ಟು ಸಮಯ ಸಿಗುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮದು ಗೇರುಬೀಜದ ಕಾರ್ಖಾನೆ. ದುಬೈ ಗಿರಾಕಿ ಮಾಲನ್ನು ಇರಾನಿನ ಬಂದರ್ ಅಬ್ಬಾಸ್‌ಗೆ ಕಳಿಸಿ ಎನ್ನುತ್ತಾರೆ, ಹಣ ಮೂರನೇ ಕಂಪನಿಯಿಂದ ಬರುತ್ತದಂತೆ. ಅಮೆರಿಕದ ನಿರ್ಬಂಧದಲ್ಲಿ ಆಹಾರಕ್ಕೆ ವಿನಾಯಿತಿ ಇದೆಯಲ್ಲ? (ಕಾರ್ಕಳದ ಓದುಗರು)

ಉತ್ತರ: ಕಾಗದದಲ್ಲಿ ಇದೆ. ಬ್ಯಾಂಕಿನ ಕೌಂಟರಿನಲ್ಲಿ ಹಲವು ಸಲ ಇರುವುದಿಲ್ಲ. ದಂಡದ ಭಯಕ್ಕೆ ಇರಾನ್ ಹೆಸರು ಕಂಡರೆ ಸಾಕು, ಫೈಲ್ ಬದಿಗೆ ಸರಿಯುತ್ತದೆ. ಆದ್ದರಿಂದ ಕಂಟೇನರ್ ತುಂಬುವ ಮೊದಲೇ ನಿಮ್ಮ ಬ್ಯಾಂಕಿನಿಂದ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಗಿರಾಕಿ, ಮಾಲು ಇಳಿಸಿಕೊಳ್ಳುವವರು, ಹಣ ಕೊಡುವವರು ಮೂವರ ಹೆಸರನ್ನೂ ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧಿತರ ಪಟ್ಟಿಯಲ್ಲಿ ಹುಡುಕಿ. ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಪಟ್ಟಿಯಲ್ಲಿರುವವರ ಪಾಲು ಒಟ್ಟು ಶೇ. 50 ಮುಟ್ಟಿದರೆ ಅದಕ್ಕೂ ನಿರ್ಬಂಧ ಅಂಟುತ್ತದೆ. ಹಡಗಿನ ಹೆಸರಲ್ಲ, ಪ್ರತಿ ಹಡಗಿಗೂ ಇರುವ 7 ಅಂಕಿಯ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ (ಐಎಂಒ ಸಂಖ್ಯೆ) ನೋಡಿ. ಹೆಸರು ಬದಲಾಗುತ್ತದೆ, ಸಂಖ್ಯೆ ಬದಲಾಗದು. ಡಾಲರಿನಲ್ಲಿ ಬಿಲ್ ಮಾಡಬೇಡಿ, ಸಾಮಾನ್ಯವಾಗಿ ಅದು ಅಮೆರಿಕದ ಬ್ಯಾಂಕ್ ಹಾದೇ ಬರಬೇಕು, ಅಲ್ಲೇ ಸಿಕ್ಕಿಬೀಳುತ್ತದೆ. ಮೂರನೇ ಕಂಪನಿಯ ಹಣ ಎಂದರೆ ಆ ಕಂಪನಿಗೂ ಗಿರಾಕಿಗೂ ಏನು ಸಂಬಂಧ ಎಂಬ ದಾಖಲೆ ಕೇಳಿ. ಕೊಡದಿದ್ದರೆ ಆರ್ಡರ್ ಬಿಡಿ. ಶಿಪ್ಪಿಂಗ್ ಬಿಲ್‌ನಲ್ಲಿ ದುಬೈಯ ಬಂದರು ಜೆಬೆಲ್ ಅಲಿ ಎಂದು ಬರೆದು ಇರಾನಿಗೆ ಸಾಗಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅಮೆರಿಕದ ಮಾತಿರಲಿ, ಸುಳ್ಳು ಘೋಷಣೆಗೆ ನಮ್ಮ ಕಸ್ಟಮ್ಸ್‌ನವರೇ ಹಿಡಿಯುತ್ತಾರೆ.