ಕ್ರೆಡಿಟ್ ಹಿಂದೆ ಬಿದ್ದ ಮಗನನ್ನು ಚಾರ್ಟರ್ ಶಾಲೆಗೆ ಹಾಕಬೇಕಾ, ಬೆಂಗಳೂರಿಗೆ ಕಳಿಸಬೇಕಾ?

ನೀವು ಬರೆದದ್ದು ಇದು: ಮಗ ಕ್ಯಾಲಿಫೋರ್ನಿಯಾದಲ್ಲಿ 11ನೇ ಗ್ರೇಡ್, ಕ್ಲಾಸಿಗೆ ಹೋಗ್ತಿಲ್ಲ, ಇರಬೇಕಾದ್ದಕ್ಕಿಂತ 45 ಕ್ರೆಡಿಟ್ ಹಿಂದೆ. ಶಾಲೆಯ ಕೌನ್ಸೆಲರ್ ಆಲ್ಟರ್ನೇಟಿವ್ ಚಾರ್ಟರ್ ಹೈಸ್ಕೂಲಿನ, ಅಂದ್ರೆ ಓದಿನಲ್ಲಿ ಹಿಂದೆ ಬಿದ್ದವರಿಗಾಗಿ ಇರೋ ಸರ್ಕಾರಿ ದುಡ್ಡಿನ ಶಾಲೆಯ, ಪಾಂಪ್ಲೆಟ್ ಕೈಗಿಟ್ಟಿದ್ದಾರೆ. ಮನೆಯವರು ಅದರ ಬದಲು ಬೆಂಗಳೂರಿಗೆ ಅಜ್ಜಿ ಹತ್ರ ಕಳಿಸಿ ಪಿಯುಸಿ ಮಾಡಿಸೋಣ ಅಂತಿದ್ದಾರೆ. ಚಾರ್ಟರ್‌ಗೆ ಹಾಕಿದರೆ ಭವಿಷ್ಯ ಹಾಳಾಗುತ್ತಾ ಅಂತ ಕೇಳಿದ್ದೀರಿ. ಇದಿಷ್ಟೂ ನಮ್ಮನೇಲಿ ಆಗಿದ್ದೇ. ಫರಕು ಒಂದೇ, ಆ ಹುಡುಗ ನಾನು.

ಎಂಟನೇ ಕ್ಲಾಸಿನವರೆಗೆ ನಾನು ಸಾಗರದ ಹತ್ತಿರ ಅಜ್ಜನ ಮನೆಯಲ್ಲಿದ್ದು ಕನ್ನಡ ಮೀಡಿಯಂನಲ್ಲಿ ಓದಿದವನು. ಅಪ್ಪ ಎಚ್-1ಬಿ ಕೆಲಸದ ವೀಸಾ ಮೇಲೆ ಸ್ಯಾಕ್ರಮೆಂಟೊ ಕಡೆ ಬಂದರು, ಆಮೇಲೆ 2013ರಲ್ಲಿ ಅಮ್ಮನನ್ನೂ ನನ್ನನ್ನೂ ಕರೆಸಿಕೊಂಡರು. ಇಲ್ಲಿ ನೇರ 9ನೇ ಗ್ರೇಡ್. ಲೆಕ್ಕ ಬರ್ತಿತ್ತು, ಆದ್ರೆ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳೋ ಹೊತ್ತಿಗೆ ಬೆಲ್ ಆಗ್ತಿತ್ತು. ಇಂಗ್ಲಿಷ್ ಬಾರದವರ ಕ್ಲಾಸಿಗೆ ಬೇರೆ ಒಂದು ಪೀರಿಯಡ್ ಹೋಗ್ತಿತ್ತು. ಊಟದ ಹೊತ್ತಿಗೆ ಎಲ್ಲಿ ಕೂರಬೇಕು ಅನ್ನೋದೇ ದಿನದ ದೊಡ್ಡ ಚಿಂತೆ. ನಿಧಾನಕ್ಕೆ ಮೊದಲ ಪೀರಿಯಡ್ ತಪ್ಪಿಸೋಕೆ ಶುರು ಮಾಡಿದೆ. ಆಮೇಲೆ ಮೊದಲ ಎರಡು. ಆಮೇಲೆ ಲೈಬ್ರರಿ ಹಿಂದಿನ ಪಾರ್ಕ್.

ಇಲ್ಲಿನ ವ್ಯವಸ್ಥೆಯಲ್ಲಿ ನಮ್ಮ ಊರಿನ ಅಪ್ಪ ಅಮ್ಮಂದಿರಿಗೆ ಗೊತ್ತಾಗದೇ ಇರೋದು ಒಂದಿದೆ. ಊರಲ್ಲಿ ಫೇಲ್ ಆದರೆ ಬೀದಿಗೆಲ್ಲ ಗೊತ್ತಾಗುತ್ತೆ. ಇಲ್ಲಿ ಎಫ್ ಬಂದರೂ ಮುಂದಿನ ವರ್ಷ ಗೆಳೆಯರ ಜೊತೆ ಮುಂದಿನ ಗ್ರೇಡ್‌ಗೇ ಹೋಗ್ತೀವಿ. ಒಂದು ವಿಷಯ ಒಂದು ಸೆಮಿಸ್ಟರ್ ಪಾಸಾದರೆ 5 ಕ್ರೆಡಿಟ್, ಎಫ್ ಬಂದರೆ ಸೊನ್ನೆ, ಅಷ್ಟೇ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಡಿಪ್ಲೊಮಾಗೆ, ಅಂದ್ರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟಿಗೆ, 220 ಬೇಕಿತ್ತು. ಹತ್ತನೇ ಗ್ರೇಡ್ ಮುಗಿದಾಗ ನನ್ನ ಹತ್ರ ಇದ್ದದ್ದು 65. ಮನೇಲಿ ಮಾತ್ರ ‘ಮಗ ಹನ್ನೊಂದಕ್ಕೆ ಹೋದ’ ಅಂತ ಪಾಯಸ ಮಾಡಿದ್ದರು. ಸಂಜೆ ಶಾಲೆಯಿಂದ ರೆಕಾರ್ಡ್ ಮಾಡಿದ ಕಾಲ್ ಬರ್ತಿತ್ತು, ನಿಮ್ಮ ಮಗು ಇವತ್ತು ಇಂಥ ಪೀರಿಯಡ್‌ಗೆ ಬಂದಿಲ್ಲ ಅಂತ. ಆ ಹೊತ್ತಿಗೆ ಅಮ್ಮನ ಫೋನ್ ನನ್ನ ಕೈಯಲ್ಲೇ ಇರ್ತಿತ್ತು. ಕೊನೆಗೆ ಟ್ರೂಯೆನ್ಸಿ ಲೆಟರ್, ಅಂದ್ರೆ ಕ್ಲಾಸು ತಪ್ಪಿಸಿದ್ದಕ್ಕೆ ಬರೋ ನೋಟಿಸ್, ಅಂಚೆಯಲ್ಲಿ ಬಂತು. ಅದನ್ನ ಅಳಿಸೋಕೆ ಆಗಲಿಲ್ಲ.

ಆಗ ನಮಗೂ ಕೌನ್ಸೆಲರ್ ಅದೇ ಪಾಂಪ್ಲೆಟ್ ಕೊಟ್ಟರು. ಅಪ್ಪ ಕಾರಲ್ಲಿ ಹೇಳಿದ್ದು ಒಂದೇ ಮಾತು: ‘ಎಸ್ಸೆಸ್ಸೆಲ್ಸಿ ಫೇಲ್ ಆದವರು ಹೋಗೋ ಟ್ಯುಟೋರಿಯಲ್ ಇದು.’ ನಿಮ್ಮ ಪ್ರಶ್ನೆಯಲ್ಲೂ ಅದೇ ಭಯ ಕಾಣ್ತಿದೆ. ಟ್ಯುಟೋರಿಯಲ್ ಖಾಸಗಿ, ದುಡ್ಡು ಕಟ್ಟಬೇಕು, ಪರೀಕ್ಷೆ ಕಟ್ಟಿಸೋದಷ್ಟೇ ಅದರ ಕೆಲಸ. ಚಾರ್ಟರ್ ಅಂದ್ರೆ ಸರ್ಕಾರಿ ದುಡ್ಡಿನ ಸಾರ್ವಜನಿಕ ಶಾಲೆ, ಫೀಸ್ ಇಲ್ಲ, ಕೊಡೋದು ಪೂರ್ತಿ ಹೈಸ್ಕೂಲ್ ಡಿಪ್ಲೊಮಾ. ಇನ್ನೊಂದು ವಿಷಯ ಗೊತ್ತಾ? ಈ ದೇಶದ ಮೊಟ್ಟಮೊದಲ ಚಾರ್ಟರ್ ಶಾಲೆ, ಮಿನ್ನೆಸೋಟದ ಸೇಂಟ್ ಪಾಲ್‌ನ ಸಿಟಿ ಅಕಾಡೆಮಿ, 1992ರಲ್ಲಿ ಶುರುವಾಗಿದ್ದೇ ಓದು ಬಿಟ್ಟ ಮಕ್ಕಳಿಗಾಗಿ. ಅದೇ ವರ್ಷ ಕ್ಯಾಲಿಫೋರ್ನಿಯಾ ಕೂಡ ಚಾರ್ಟರ್ ಕಾನೂನು ಮಾಡಿತು. ಬುದ್ಧಿವಂತರ ಚಾರ್ಟರ್, ರೊಬೋಟಿಕ್ಸ್ ಚಾರ್ಟರ್ ಅಂತ ನಮ್ಮವರು ಸೀಟಿನ ಲಾಟರಿಗೆ ಮುಗಿಬೀಳೋದೆಲ್ಲ ಆಮೇಲಿನ ಕಥೆ.

ಸರಿ, ಹೋದೆವು. ಅದು ಶಾಲೆ ಥರ ಇರಲೇ ಇಲ್ಲ. ಅಂಗಡಿ ಸಾಲು, ಒಂದು ಕಡೆ ನೇಲ್ ಸಲೂನ್, ಇನ್ನೊಂದು ಕಡೆ ಪಿಜ್ಜಾ ಅಂಗಡಿ, ಮಧ್ಯೆ ಗಾಜಿನ ಬಾಗಿಲು. ಒಳಗೆ ಉದ್ದಕ್ಕೆ ಮೇಜುಗಳು. ಒಬ್ಬಳು ಹುಡುಗಿ ಪಕ್ಕದಲ್ಲಿ ಸ್ಟ್ರಾಲರ್ ನಿಲ್ಲಿಸಿಕೊಂಡು, ಕಾಲಲ್ಲಿ ಅದನ್ನ ಹಿಂದೆ ಮುಂದೆ ಆಡಿಸ್ತಾ, ಕೈಯಲ್ಲಿ ಹಿಸ್ಟರಿ ಪ್ಯಾಕೆಟ್ (ಉತ್ತರ ತುಂಬೋ ಹಾಳೆಗಳ ಕಟ್ಟು) ತುಂಬ್ತಿದ್ದಳು. ಅವಳ ಎದುರಿಗೆ ಕೂತವನ ಉಗುರಿನ ತುಂಬ ಗ್ರೀಸ್, ರಾತ್ರಿ ಟಯರ್ ಅಂಗಡಿ ಕೆಲಸ. ಅಮ್ಮ ನನ್ನ ತೋಳು ಹಿಡಿದುಕೊಂಡರು, ಬಿಡಲೇ ಇಲ್ಲ. ಇವರ ಜೊತೆ ಸೇರಿ ಹಾಳಾಗ್ತಾನೆ ಅಂತ ಅವರಿಗೆ. ಆಮೇಲೆ ನೋಡಿದರೆ ಆ ಕೋಣೆಯಲ್ಲಿ ನನ್ನಷ್ಟು ಸೋಮಾರಿ ಇನ್ನೊಬ್ಬ ಇರಲಿಲ್ಲ!

ಅದು ಇಂಡಿಪೆಂಡೆಂಟ್ ಸ್ಟಡಿ ಮಾದರಿ. ಮಾಸ್ಟರ್ ಅಗ್ರಿಮೆಂಟ್ ಅಂತ ಒಂದು ಕಾಗದಕ್ಕೆ ನಾನು, ಅಪ್ಪ, ಟೀಚರ್ ಎಲ್ಲ ಸಹಿ ಹಾಕಿದೆವು. ವಾರಕ್ಕೆರಡು ಸಲ ಟೀಚರನ್ನ ನೋಡಬೇಕು, ಉಳಿದದ್ದು ಮನೇಲಿ. ಹಾಜರಾತಿ ಕುರ್ಚಿ ಮೇಲೆ ಕೂತಿದ್ದಕ್ಕಲ್ಲ, ಮಾಡಿ ತಂದ ಕೆಲಸಕ್ಕೆ. ನನ್ನನ್ನ ಉಳಿಸಿದ್ದು ಏನು ಅಂದ್ರೆ, ಒಟ್ಟಿಗೆ ಆರು ವಿಷಯ ಇಲ್ಲ. ಎರಡೇ. ಅವನ್ನ ಮುಗಿಸಿದ ಮೇಲೆ ಮುಂದಿನ ಎರಡು. ಒಂದು ಯೂನಿಟ್ ತಿದ್ದಿದ ಕೂಡಲೇ ಟೀಚರ್ ಗೋಡೆಯ ಮೇಲಿನ ಚಾರ್ಟ್‌ನಲ್ಲಿ ನನ್ನ ಹೆಸರಿನ ಮುಂದೆ ಒಂದು ಚೌಕ ಹಸಿರು ಮಾಡ್ತಿದ್ದರು. ಹದಿನೇಳು ವರ್ಷದವನು ಹಸಿರು ಚೌಕಕ್ಕೆ ಖುಷಿ ಪಡೋದು ನಾಚಿಕೆ ವಿಷಯ, ಆದ್ರೆ ಪಟ್ಟೆ.

ಈಗ ಮುಖ್ಯ ವಿಷಯ. ಇದನ್ನ ಎರಡು ಸಲ ಓದಿ.

ಸೇರಿದ ದಿನ ಟೀಚರ್ ಕೇಳಿದರು, ನಿನಗೆ ಡಿಪ್ಲೊಮಾ ಸಾಕಾ, ಎ-ಜಿ ಬೇಕಾ ಅಂತ. ಎ-ಜಿ ಅಂದ್ರೆ ಏನು ಅಂತ ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಯಾವುದು ಬೇಗ ಮುಗಿಯುತ್ತೆ ಅಂತ ಕೇಳಿದೆ. ಡಿಪ್ಲೊಮಾ ಅಂದರು. ಟಿಕ್ ಹಾಕಿದೆ. ನನಗೆ ದುಬಾರಿ ಬಿದ್ದದ್ದು ಇದೊಂದೇ ಟಿಕ್.

ಬಿಡಿಸಿ ಹೇಳ್ತೀನಿ. ರಾಜ್ಯದ ಕಾನೂನಿನ ಪ್ರಕಾರ ಡಿಪ್ಲೊಮಾಗೆ ಗಣಿತ ಎರಡು ವರ್ಷ ಸಾಕು. ಯುಸಿ, ಸಿಎಸ್‌ಯು, ಅಂದ್ರೆ ಇಲ್ಲಿನ ಎರಡು ದೊಡ್ಡ ಸರ್ಕಾರಿ ಯೂನಿವರ್ಸಿಟಿ ಗುಂಪುಗಳಿಗೆ ನೇರ ಹೋಗಬೇಕಾದರೆ ಎ ಯಿಂದ ಜಿ ವರೆಗೆ ಏಳು ಗುಂಪಿನ 15 ವಿಷಯ ಬೇಕು. ಗಣಿತ ಮೂರು ವರ್ಷ, ಅದೂ ಆಲ್ಜೀಬ್ರಾ 2ರ ಮಟ್ಟದವರೆಗೆ. ಇಂಗ್ಲಿಷ್ ನಾಲ್ಕು, ಲ್ಯಾಬ್ ಇರೋ ವಿಜ್ಞಾನ ಎರಡು, ಇಂಗ್ಲಿಷ್ ಅಲ್ಲದ ಭಾಷೆ ಎರಡು, ಹೀಗೆ. ಎಲ್ಲದರಲ್ಲೂ ಸಿ ಅಥವಾ ಮೇಲೆ. ಇಲ್ಲೇ ಎರಡನೇ ಗುಂಡಿ ಇರೋದು: ಡಿ ಬಂದರೆ ಡಿಪ್ಲೊಮಾಗೆ 5 ಕ್ರೆಡಿಟ್ ಸಿಗುತ್ತೆ, ಎ-ಜಿಗೆ ಅದು ಲೆಕ್ಕಕ್ಕೇ ಇಲ್ಲ. ಹಳೇ ಶಾಲೆಯಲ್ಲಿ ನನಗೆ ಬಂದಿದ್ದ ಡಿಗಳನ್ನ ಯಾರೂ ಮತ್ತೆ ಮಾಡು ಅನ್ನಲಿಲ್ಲ, ಕ್ರೆಡಿಟ್ ಸಿಕ್ಕಿತ್ತಲ್ಲ. ಮೂರನೇದು, ಒಂದೇ ಹೆಸರಿನ ವಿಷಯ ಒಂದು ಶಾಲೆಯಲ್ಲಿ ಎ-ಜಿ ಆಗಿರುತ್ತೆ, ಇನ್ನೊಂದರಲ್ಲಿ ಆಗಿರಲ್ಲ. ಪ್ರತಿ ಶಾಲೆಯೂ ತನ್ನ ಕೋರ್ಸನ್ನ ಯುಸಿಗೆ ಕಳಿಸಿ ಒಪ್ಪಿಗೆ ತಗೋಬೇಕು. ಆ ಪಟ್ಟಿ ಯುಸಿ ವೆಬ್‌ಸೈಟಲ್ಲಿ ಶಾಲೆ ಹೆಸರು ಹಾಕಿದರೆ ಬರುತ್ತೆ, ಯಾರು ಬೇಕಾದರೂ ನೋಡಬಹುದು. ನಾನು ತುಂಬಿದ ಸೈನ್ಸ್ ಪ್ಯಾಕೆಟ್‌ಗಳಲ್ಲಿ ಒಂದಕ್ಕೆ ಲ್ಯಾಬೇ ಇರಲಿಲ್ಲ.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಸ್ಪ್ಯಾನಿಷ್ ಕಷ್ಟ ಅಂತ ನಾನು ಭಾಷೆಯನ್ನೇ ಬಿಟ್ಟಿದ್ದೆ. ಆದ್ರೆ ಆರನೇ ಕ್ಲಾಸು ಅಥವಾ ಮೇಲಿನ ಮಟ್ಟದಲ್ಲಿ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಓದಿದ್ದರೆ ಯುಸಿ ಅದನ್ನೇ ಆ ಭಾಷೆಯ ಗುಂಪಿಗೆ ಒಪ್ಪಿಕೊಳ್ಳುತ್ತೆ. ನಾನು ಎಂಟರವರೆಗೆ ಕನ್ನಡ ಮೀಡಿಯಂ! ಸಾಗರದ ಅಂಕಪಟ್ಟಿ ಅಮ್ಮನ ಬೀರುವಿನಲ್ಲೇ ಇತ್ತು, ಯಾರೂ ಹೊರಗೆ ತೆಗೆಯಲಿಲ್ಲ. ನಿಮ್ಮ ಮಗ ಊರಲ್ಲಿ ಯಾವ ಮೀಡಿಯಂನಲ್ಲಿ ಓದಿದ್ದ ಅಂತ ನೀವು ಬರೆದಿಲ್ಲ. ಕನ್ನಡ ಮೀಡಿಯಂ ಆಗಿದ್ದರೆ ಆ ಕಾಗದ ಈಗಲೇ ಹುಡುಕಿ.

2017ರ ಡಿಸೆಂಬರಿನಲ್ಲಿ, ಗೆಳೆಯರಿಗಿಂತ ಒಂದು ಸೆಮಿಸ್ಟರ್ ತಡವಾಗಿ, ಡಿಪ್ಲೊಮಾ ಬಂತು. ಅಪ್ಪ ಫ್ರೇಮ್ ಹಾಕಿಸಿದರು. ಆಮೇಲೆ ಸಿಎಸ್‌ಯು ಅರ್ಜಿ ತುಂಬೋಕೆ ಕೂತಾಗ ಗೊತ್ತಾಯಿತು, ಅರ್ಧ ಖಾನೆ ಖಾಲಿ. ಕಮ್ಯುನಿಟಿ ಕಾಲೇಜಿಗೆ ಹೋದೆ, ಅಲ್ಲಿ ಯಾರನ್ನೂ ಬೇಡ ಅನ್ನಲ್ಲ, ಅಲ್ಲಿಂದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದು. ಆದ್ರೆ ನನ್ನ ಗಣಿತ ಅರ್ಧಕ್ಕೆ ನಿಂತಿದ್ದರಿಂದ ಟ್ರಾನ್ಸ್‌ಫರ್‌ಗೆ ಲೆಕ್ಕಕ್ಕೆ ಬಾರದ ಕೆಳಗಿನ ಗಣಿತದ ಕ್ಲಾಸುಗಳಲ್ಲಿ ಕೂರಿಸಿದರು. ಈಗ ಎಬಿ 705 ಅನ್ನೋ ಕಾನೂನು ಬಂದು ಆ ಕಾಟ ಬಹುಪಾಲು ಹೋಗಿದೆ, ನಮ್ಮ ಕಾಲಕ್ಕೆ ಇತ್ತು. ಅಷ್ಟರಲ್ಲಿ ನನಗೆ 21 ತುಂಬಿತು. ಅಪ್ಪನ ಗ್ರೀನ್ ಕಾರ್ಡ್ ಬಂದಿರಲಿಲ್ಲ. ಎಚ್-4, ಅಂದ್ರೆ ಎಚ್-1ಬಿಯವರ ಮಕ್ಕಳಿಗೆ 21ರವರೆಗೆ ಸಿಗೋ ವೀಸಾ, ಅಲ್ಲಿಗೆ ಮುಗಿಯಿತು, ಎಫ್-1 ವಿದ್ಯಾರ್ಥಿ ವೀಸಾ ಆಯಿತು. ಎಚ್-4 ಇದ್ದಾಗ ರಾಜ್ಯದವರ ಫೀಸ್, ಯೂನಿಟ್‌ಗೆ (ಕಾಲೇಜಿನ ಕ್ರೆಡಿಟ್‌ಗೆ) 46 ಡಾಲರ್. ಎಫ್-1 ಆದ ಕೂಡಲೇ ಹೊರಗಿನವರ ಫೀಸ್, ಅದರ ಎಷ್ಟೋ ಪಟ್ಟು. ಆ ಒಂದು ಟಿಕ್‌ನಿಂದ ತಡವಾದ ಸೆಮಿಸ್ಟರ್‌ಗಳೆಲ್ಲ ಈ ದುಬಾರಿ ಲೆಕ್ಕಕ್ಕೇ ಬಂದು ಬಿದ್ದವು. ಅಪ್ಪ ಸಾಗರದ ಸೈಟು ಮಾರಿದ್ದು ಆಗಲೇ.

ಆದ್ರೂ ಡಿಗ್ರಿ ಆಯಿತು, ಸಿಎಸ್‌ಯುನಲ್ಲೇ. 60 ಯೂನಿಟ್ ಮಾಡಿಕೊಂಡು ಜೂನಿಯರ್ ಆಗಿ, ಅಂದ್ರೆ ಮೂರನೇ ವರ್ಷಕ್ಕೆ, ಟ್ರಾನ್ಸ್‌ಫರ್ ಆಗೋವಾಗ ಹೈಸ್ಕೂಲಿನ ಎ-ಜಿ ಯಾರೂ ಕೇಳಲ್ಲ. ಈಗ ಮ್ಯಾಪಿಂಗ್ ಕಂಪನಿಯೊಂದರಲ್ಲಿ ಕೆಲಸ. ಆಲ್ಟರ್ನೇಟಿವ್ ಶಾಲೆ ಹೆಸರು ನೋಡಿ ಇಂಟರ್‌ವ್ಯೂನಲ್ಲಿ ಯಾರೂ ಹುಬ್ಬು ಏರಿಸಿಲ್ಲ. ಹೈಸ್ಕೂಲ್ ಯಾವುದು ಅಂತ ಕೇಳಿದವರೇ ಇಲ್ಲ.

ಅದಕ್ಕೇ, ಚಾರ್ಟರ್‌ಗೆ ಹಾಕಿದರೆ ಭವಿಷ್ಯ ಹಾಳಾಗುತ್ತಾ ಅನ್ನೋ ನಿಮ್ಮ ಪ್ರಶ್ನೆಯನ್ನ ನಾನು ಒಪ್ಪಲ್ಲ. ಅವನು ಯಾಕೆ ಕ್ಲಾಸಿಗೆ ಹೋಗ್ತಿಲ್ಲ ಅಂತ ನೀವು ಒಂದು ಸಾಲೂ ಬರೆದಿಲ್ಲ. ಕ್ರೆಡಿಟ್ ಬಗ್ಗೆ, ನೆಂಟರ ಬಗ್ಗೆ, ಪಿಯುಸಿ ಬಗ್ಗೆ ಬರೆದಿದ್ದೀರಿ. ಬೈಯೋಕೆ ಹೇಳ್ತಿಲ್ಲ, ನಮ್ಮನೇಲೂ ಯಾರೂ ಕೇಳಿರಲಿಲ್ಲ. ಶಾಲೆ ಆರಿಸೋದು ಆ ಉತ್ತರದ ಮೇಲೆ ನಿಂತಿದೆ. ಗದ್ದಲ, ಜನ, ಆರು ವಿಷಯದ ಓಟ ತಡೆಯೋಕಾಗ್ತಿಲ್ಲ ಅಂದ್ರೆ ನನ್ನ ಥರದ ಶಾಲೆ ಸರಿ. ರಾತ್ರಿಯಿಡೀ ಗೇಮ್ ಆಡಿ ಬೆಳಿಗ್ಗೆ ಏಳ್ತಿಲ್ಲ ಅಥವಾ ಮನಸ್ಸೇ ಕುಗ್ಗಿ ಹಾಸಿಗೆ ಬಿಡ್ತಿಲ್ಲ ಅಂದ್ರೆ ವಾರಕ್ಕೆರಡು ಸಲದ ಶಾಲೆ ಅವನಿಗೆ ವಿಷ. ನೀವಿಬ್ಬರೂ ಕೆಲಸಕ್ಕೆ ಹೋಗ್ತೀರಿ, ಅವನು ಬಾಗಿಲು ಹಾಕಿಕೊಂಡು ಮಲಗ್ತಾನೆ. ಅಂಥವನಿಗೆ ದಿನಾ ಹೋಗೋ ಚಿಕ್ಕ ಚಾರ್ಟರ್ ಇದ್ದರೆ ನೋಡಿ. ಇಲ್ಲಾಂದ್ರೆ ಡಿಸ್ಟ್ರಿಕ್ಟಿನ ಕಂಟಿನ್ಯುಯೇಷನ್ ಸ್ಕೂಲ್, 16 ದಾಟಿದವರಿಗೆ ಅಂತಲೇ ಇರೋದು, ವಾರಕ್ಕೆ ಕನಿಷ್ಠ 15 ಗಂಟೆ ಕೂರಿಸ್ತಾರೆ. ಮನಸ್ಸಿನ ವಿಷಯ ಆಗಿದ್ದರೆ ಮೊದಲು ಡಾಕ್ಟರ್, ಆಮೇಲೆ ಶಾಲೆ.

ಆನ್‌ಲೈನ್‌ನಲ್ಲಿ ಆ ಶಾಲೆಯ ಗ್ರಾಜುಯೇಷನ್ ರೇಟ್ (ಹೈಸ್ಕೂಲ್ ಮುಗಿಸುವವರ ಶೇಕಡ) ನೋಡಿ ಗಾಬರಿ ಆಯಿತು ಅಂದಿರಿ. ಗಾಬರಿ ಬೇಡ. ರಾಜ್ಯದ ಲೆಕ್ಕದಲ್ಲಿ ಆಲ್ಟರ್ನೇಟಿವ್ ಅನಿಸಿಕೊಳ್ಳಬೇಕಾದರೆ ಕನಿಷ್ಠ 70 ಶೇಕಡ ಮಕ್ಕಳು ಆಗಲೇ ತೊಂದರೆಯಲ್ಲಿ ಇದ್ದವರಾಗಿರಬೇಕು, ಅಂದ್ರೆ ಕ್ರೆಡಿಟ್ ಹಿಂದಿದ್ದವರು, ಶಾಲೆಯಿಂದ ತೆಗೆದುಹಾಕಿದವರು, ಮನೆ ಇಲ್ಲದವರು, ಮಗು ಇರೋರು. ಮೂರನೇ ವರ್ಷ ಇರಬೇಕಾದ ಕ್ರೆಡಿಟ್‌ನಲ್ಲಿ ಅರ್ಧ ಮಾತ್ರ ಇಟ್ಕೊಂಡು ಬಂದವನು ನಾಲ್ಕು ವರ್ಷದೊಳಗೆ ಎಲ್ಲಿ ಮುಗಿಸ್ತಾನೆ? ಆ ನಂಬರ್ ಬಿಡಿ. ಅಲ್ಲಿ ಹೋಗಿ ಒಂದು ಗಂಟೆ ಕೂತು ಟೀಚರ್ ಎಷ್ಟು ಮಕ್ಕಳನ್ನ ಹೆಸರು ಹಿಡಿದು ಕರೀತಾರೆ ನೋಡಿ. ಹಾಗಂತ ಕೌನ್ಸೆಲರ್ ಹೇಳಿದ್ದನ್ನೆಲ್ಲ ನಂಬಲೂ ಬೇಡಿ. ಬೇರೆ ಶಾಲೆಗೆ ವರ್ಗವಾದ ಹುಡುಗ ಹಳೇ ಶಾಲೆಯ ಫೇಲ್ ಲೆಕ್ಕಕ್ಕೆ ಬರಲ್ಲ, ಅದು ಅವರಿಗೂ ಅನುಕೂಲವೇ.

ಬೆಂಗಳೂರು ಬೇಡ. ಇದು ನನ್ನ ಅಭಿಪ್ರಾಯ, ಜೋರಾಗೇ ಹೇಳ್ತೀನಿ. ಫಸ್ಟ್ ಪಿಯುಸಿಯಿಂದ ಶುರು ಮಾಡಬೇಕು, ಇಲ್ಲಿ ಗಳಿಸಿದ ಕ್ರೆಡಿಟ್ ಅಲ್ಲಿ ಯಾರಿಗೂ ಬೇಡ. ಜೊತೆಗೆ ಓದಲಾರದವನನ್ನ ಅಜ್ಜಿ ಮನೆಗೆ ದಬ್ಬಿದರು ಅಂತ ಅವನ ತಲೇಲಿ ಉಳಿಯುತ್ತೆ. ಅಜ್ಜಿ ಅವನನ್ನ ಬೆಳಿಗ್ಗೆ ಎಬ್ಬಿಸ್ತಾರೆ, ನಿಜ. ಲ್ಯಾಬ್ ರೆಕಾರ್ಡ್ ಬರೆಸ್ತಾರಾ?

ಈ ಸೆಮಿಸ್ಟರ್ ಮುಗಿಯೋವರೆಗೂ ಅವನನ್ನ ಈಗಿನ ಶಾಲೆಯಿಂದ ಬಿಡಿಸಬೇಡಿ, ಮಧ್ಯದಲ್ಲಿ ಬಿಟ್ಟರೆ ಪಾಸಾಗ್ತಿರೋ ವಿಷಯದ ಕ್ರೆಡಿಟ್ ಕೂಡ ಹೋಗಬಹುದು. ಟ್ರಾನ್ಸ್‌ಕ್ರಿಪ್ಟ್ (ಇಲ್ಲಿನ ಅಂಕಪಟ್ಟಿ) ಪ್ರಿಂಟ್ ತಗೊಂಡು, ಡಿ ಬಂದಿರೋ ಸಾಲುಗಳಿಗೆಲ್ಲ ಗೆರೆ ಹಾಕಿಕೊಂಡು, ಅವನನ್ನೂ ಕರ್ಕೊಂಡು ಆ ಚಾರ್ಟರ್ ಶಾಲೆಗೆ ಹೋಗಿ. ಮೊದಲ ಪ್ರಶ್ನೆ ಅವನೇ ಕೇಳಲಿ: ‘ಇದರಲ್ಲಿ ಯಾವ್ಯಾವುದು ಎ-ಜಿ?’ ಅವನು ಎಚ್-4 ಮೇಲಿದ್ದರೆ 21ನೇ ಹುಟ್ಟುಹಬ್ಬದ ತಾರೀಖನ್ನೂ ಅದೇ ಹಾಳೆಯ ಮೇಲೆ ಬರ್ಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹೆಸರು, ಐಡಿ ಅಳಿಸಿ ವಿಷಯ ಮತ್ತೆ ಗ್ರೇಡ್ ಮಾತ್ರ ಇಲ್ಲಿ ಹಾಕಿದರೆ ಯಾವುದನ್ನ ಮತ್ತೆ ಮಾಡಬೇಕು ಅಂತ ನಾನೂ ನೋಡಿ ಹೇಳ್ತೀನಿ.